ಹನ್ನೊಂದು ಜನರ ಸಂಸ್ಥೆ, ಒಬ್ಬರ ಕಾಯಿಲೆ: ಸರ್ಕಾರಿ ವಿಮೆಯೋ ಖಾಸಗಿ ವಿಮೆಯೋ?

ಪ್ರಶ್ನೆ: ನನ್ನದು ಹನ್ನೊಂದು ನೌಕರರಿರುವ ಸಣ್ಣ ಸಂಸ್ಥೆ. ಆರು ವರ್ಷಗಳಿಂದ ಖಾಸಗಿ ಕಂಪನಿಯೊಂದರಲ್ಲಿ ಎಲ್ಲರಿಗೂ ಗುಂಪು ಆರೋಗ್ಯ ವಿಮೆ ಮಾಡಿಸಿಕೊಂಡು ಬಂದಿದ್ದೇನೆ. ಕಳೆದ ವರ್ಷ ನೌಕರರೊಬ್ಬರಿಗೆ ಮೂತ್ರಪಿಂಡದ ತೊಂದರೆ ಕಾಣಿಸಿಕೊಂಡು ದೊಡ್ಡ ಮೊತ್ತದ ಕ್ಲೈಮ್ ಆಯಿತು. ಈ ಬಾರಿಯ ನವೀಕರಣಕ್ಕೆ ಕಂಪನಿ ಕೇಳುತ್ತಿರುವ ಪ್ರೀಮಿಯಂ ಹಿಂದಿನದರ ಎರಡೂವರೆ ಪಟ್ಟು. ಎಲ್ಲರಿಗೂ ಸರ್ಕಾರಿ ವಿಮೆಯೇ ಇದ್ದಿದ್ದರೆ ನಮ್ಮಂಥವರು ಬಚಾವಾಗುತ್ತಿದ್ದೆವು ಎಂದು ಕೆಲವರು ಹೇಳುತ್ತಾರೆ; ಸರ್ಕಾರದ ಕೈಗೆ ಹೋದರೆ ಸರತಿ ಸಾಲೇ ಗತಿ ಎಂದು ಮತ್ತೆ ಕೆಲವರು ಹೆದರಿಸುತ್ತಾರೆ. ಮಾಲೀಕನ ಜಾಗದಲ್ಲಿ ನಿಂತು ನೋಡಿದರೆ ಯಾವುದು ಮೇಲು?

ಉತ್ತರ: ಎರಡೂವರೆ ಪಟ್ಟು ಎಂಬ ಅಂಕಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅದರೊಳಗೇ ಇದೆ. ಲೆಕ್ಕಕ್ಕೆ ಅನುಕೂಲವಾಗಲೆಂದು, ಆರೋಗ್ಯವಾಗಿರುವ ಒಬ್ಬ ನೌಕರನ ವರ್ಷದ ವೈದ್ಯಕೀಯ ವೆಚ್ಚವನ್ನು 1 ಪಾಲು ಎಂದೂ, ಗಂಭೀರ ಕಾಯಿಲೆಗೆ ಬಿದ್ದವನ ವೆಚ್ಚವನ್ನು 60 ಪಾಲು ಎಂದೂ, ಹಾಗೆ ಬೀಳುವವರು ನೂರಕ್ಕೆ ಒಬ್ಬರು ಎಂದೂ ಇಟ್ಟುಕೊಳ್ಳಿ. ನಿಮ್ಮ ಹನ್ನೊಂದು ಮಂದಿಯೂ ಆರೋಗ್ಯವಾಗಿದ್ದ ವರ್ಷ ಒಟ್ಟು ವೆಚ್ಚ 11 ಪಾಲು. ಅವರಲ್ಲಿ ಒಬ್ಬರು ಮಲಗಿದ ವರ್ಷ 70 ಪಾಲು, ಅಂದರೆ ಆರು ಪಟ್ಟಿಗೂ ಹೆಚ್ಚು. ಅದೇ ಹತ್ತು ಸಾವಿರ ಮಂದಿಯ ಗುಂಪಿನಲ್ಲಿ ವರ್ಷಕ್ಕೆ ಸುಮಾರು ನೂರು ಮಂದಿ ಕಾಯಿಲೆ ಬೀಳುತ್ತಾರೆ ಎಂಬುದು ಮೊದಲೇ ಗೊತ್ತಿರುವ ಸಂಗತಿ, ಹಾಗಾಗಿ ನಿರೀಕ್ಷಿತ ವೆಚ್ಚ 15,900 ಪಾಲು. ಗ್ರಹಚಾರ ಕೆಟ್ಟು ನೂರರ ಬದಲು ನೂರಹತ್ತು ಮಂದಿ ಮಲಗಿದರೂ ವೆಚ್ಚ 16,490ಕ್ಕೆ ಏರುತ್ತದೆ, ಏರಿಕೆ ಶೇ. 4 ಕೂಡ ಮುಟ್ಟುವುದಿಲ್ಲ. ಕಾಯಿಲೆ ಎರಡೂ ಕಡೆ ಒಂದೇ. ನಿಮ್ಮನ್ನು ಹೊಡೆದದ್ದು ಗುಂಪಿನ ಗಾತ್ರ.

ಇದೇ ಲೆಕ್ಕದ ಇನ್ನೊಂದು ಮುಖವನ್ನೂ ನೋಡಿ. ಈ ಊಹೆಯ ಪ್ರಕಾರ ಹನ್ನೊಂದು ಮಂದಿಯ ಗುಂಪಿನಲ್ಲಿ ಗಂಭೀರ ಕಾಯಿಲೆ ಬರುವುದು ಸುಮಾರು ಹತ್ತು ವರ್ಷಕ್ಕೊಮ್ಮೆ. ಉಳಿದ ಒಂಬತ್ತು ವರ್ಷ ನೀವು ಬಳಸಿದ್ದಕ್ಕಿಂತ ಹೆಚ್ಚು ಕಟ್ಟಿರುತ್ತೀರಿ, ಹತ್ತನೆಯ ವರ್ಷಕ್ಕಾಗಿಯೇ ಕಟ್ಟಿರುತ್ತೀರಿ. ಆದರೆ ಪಾಲಿಸಿ ಒಂದೊಂದೇ ವರ್ಷದ್ದಾದ್ದರಿಂದ, ಹತ್ತನೆಯ ವರ್ಷದ ಕ್ಲೈಮ್ ತೀರಿಸಿದ ಕಂಪನಿ ಹನ್ನೊಂದನೆಯ ವರ್ಷಕ್ಕೆ ನಿಮ್ಮನ್ನು ಹೊಸ ಗಿರಾಕಿಯಂತೆ ತೂಗಿ ಬೆಲೆ ಹೇಳುತ್ತದೆ. ಆ ಒಂಬತ್ತು ವರ್ಷಗಳ ನಿಷ್ಠೆ ಯಾವ ಪುಸ್ತಕದಲ್ಲೂ ಜಮೆಯಾಗಿರುವುದಿಲ್ಲ. ಮಾಲೀಕರಿಗೆ ಆಗುವ ಮೋಸದ ಭಾವನೆಯ ಬೇರು ಇಲ್ಲಿದೆ, ಮತ್ತು ಆ ಭಾವನೆ ತಪ್ಪಲ್ಲ.

ಗುಂಪು ಪಾಲಿಸಿಗಳ ಬೆಲೆ ಕಟ್ಟುವ ಕೆಲಸದಲ್ಲಿ ನಾನು ಬಹಳ ವರ್ಷ ಕಳೆದಿದ್ದೇನೆ. ಅಂಥ ಒಂದು ನವೀಕರಣದ ಮಾತುಕತೆ ಈಗಲೂ ಕಣ್ಣ ಮುಂದಿದೆ. ಮೇಜಿನ ಮೇಲಿದ್ದ ಕ್ಲೈಮ್ ವಿವರದ ಹಾಳೆಯಲ್ಲಿ ನಿಯಮದಂತೆ ಯಾರ ಹೆಸರೂ ಇರಲಿಲ್ಲ. ವಯಸ್ಸು, ಲಿಂಗ, ಮೊತ್ತ ಇಷ್ಟೇ ಕಾಲಮುಗಳು. ಆದರೆ ಹದಿನಾಲ್ಕು ಮಂದಿಯ ಸಂಸ್ಥೆಯಲ್ಲಿ ಐವತ್ತೆರಡು ವರ್ಷದ ಹೆಂಗಸು ಇದ್ದದ್ದು ಒಬ್ಬರೇ. ಮಾಲೀಕರು ಆ ಸಾಲಿನ ಮೇಲೆ ಬೆರಳಿಟ್ಟು, ಮಾತಿಲ್ಲದೆ ಗಾಜಿನ ಗೋಡೆಯಾಚೆ ಲೆಕ್ಕ ಬರೆಯುತ್ತ ಕುಳಿತಿದ್ದ ಆಕೆಯತ್ತ ಒಮ್ಮೆ ನೋಡಿ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಅವರು ಒಳ್ಳೆಯ ಮನುಷ್ಯ, ಆಕೆಯನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಆ ಒಂದು ನೋಟ ಆ ಕೋಣೆಯಲ್ಲಿ ಹುಟ್ಟಲೇಬಾರದಿತ್ತು, ಮತ್ತು ಅದನ್ನು ಹುಟ್ಟಿಸಿದ ಹಾಳೆಯನ್ನು ಸಿದ್ಧಪಡಿಸಿದವನು ನಾನೇ. ನೌಕರನ ಕಾಯಿಲೆ ಮಾಲೀಕನ ಖರ್ಚಿನ ಸಾಲಾಗಿ ಕಾಣಿಸಿಕೊಳ್ಳುವ ವ್ಯವಸ್ಥೆ ಸಣ್ಣ ಸಂಸ್ಥೆಗೆ ಒಗ್ಗುವುದಿಲ್ಲ ಎಂಬ ನನ್ನ ಅಭಿಪ್ರಾಯ ಗಟ್ಟಿಯಾದದ್ದು ಅಂದಿನಿಂದ.

ವಿಮಾ ಕಂಪನಿಯ ಕಡೆಯ ನ್ಯಾಯವನ್ನೂ ಹೇಳಬೇಕು, ಇಲ್ಲವಾದರೆ ಇದೆಲ್ಲ ಬರೀ ದುರಾಸೆ ಎಂದು ತಿಳಿದುಬಿಡುತ್ತೀರಿ. ಕಂಪನಿಯೊಂದು ಎಲ್ಲ ಸಣ್ಣ ಸಂಸ್ಥೆಗಳಿಗೂ ಸರಾಸರಿ ಬೆಲೆಯನ್ನೇ ಹೇಳಿತು ಎನ್ನಿ. ಎಳೆಯ, ಗಟ್ಟಿಮುಟ್ಟಾದ ನೌಕರರಿರುವ ಸಂಸ್ಥೆ ಪಕ್ಕದ ಕಂಪನಿ ತೋರಿಸಿದ ಕಡಿಮೆ ದರಕ್ಕೆ ಹೊರಟುಹೋಗುತ್ತದೆ, ಕಾಯಿಲೆಯವರಿರುವ ಸಂಸ್ಥೆ ಉಳಿಯುತ್ತದೆ, ಸರಾಸರಿ ಏರುತ್ತದೆ; ಏರಿದ ಬೆಲೆಗೆ ಬೆದರಿ ಇನ್ನಷ್ಟು ಆರೋಗ್ಯವಂತರು ಹೊರನಡೆಯುತ್ತಾರೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಮುಂದಿಟ್ಟುಕೊಂಡು ವಿವರಿಸಿದ್ದು ಇದನ್ನೇ, ವಯಸ್ಸಾದವರಿಗೆ ಆರೋಗ್ಯ ವಿಮೆ ಸಿಗುವುದು ಏಕೆ ಕಷ್ಟ ಎಂಬುದನ್ನೂ ಅದರಲ್ಲೇ ಪ್ರಸ್ತಾಪಿಸಿದ್ದರು. ಸರಾಸರಿ ಬೆಲೆಗೆ ಅಂಟಿಕೊಂಡ ಸಜ್ಜನ ಕಂಪನಿ ಮೊದಲು ಮುಳುಗುತ್ತದೆ. ಆದ್ದರಿಂದ ಪ್ರತಿಯೊಂದು ಕಂಪನಿಯೂ ಪ್ರತಿಯೊಂದು ಗುಂಪನ್ನೂ ಬೇರೆಬೇರೆಯಾಗಿ ತೂಗುತ್ತದೆ, ಮತ್ತು ಹಾಗೆ ತೂಗಿದಾಗ ಏಟು ಬೀಳುವುದು ಸಣ್ಣವರಿಗೆ. ಸಾವಿರಾರು ನೌಕರರಿರುವ ದೊಡ್ಡ ಸಂಸ್ಥೆಯಾದರೆ ಅದು ತನಗೆ ತಾನೇ ಒಂದು ವಿಮಾ ನಿಧಿ ಇದ್ದ ಹಾಗೆ. ಅದಕ್ಕೆ ಕಂಪನಿ ಬೇಕಾದದ್ದು ಹೆಚ್ಚಾಗಿ ಕಾಗದಪತ್ರ ನೋಡಿಕೊಳ್ಳಲು ಮಾತ್ರ.

ಈ ಸುಳಿಯಿಂದ ಹೊರಬರುವ ದಾರಿ ಒಂದೇ: ಯಾರೂ ಹೊರಗೆ ಹೋಗದಂತೆ ಎಲ್ಲರನ್ನೂ ಒಂದೇ ದೊಡ್ಡ ನಿಧಿಯೊಳಗೆ ಸೇರಿಸುವುದು ಮತ್ತು ಬೆಲೆಯನ್ನು ಕಾಯಿಲೆಯಿಂದ ಬಿಡಿಸುವುದು. ಸರ್ಕಾರಿಯೋ ಖಾಸಗಿಯೋ ಎಂಬ ವಾದದಲ್ಲಿ ಮರೆಯಾಗುವ ಸಂಗತಿಯೇನೆಂದರೆ, ಇದನ್ನು ಎರಡೂ ರೀತಿಯಲ್ಲಿ ಮಾಡಿದ ದೇಶಗಳಿವೆ. ತೈವಾನ್ 1995ರ ಮಾರ್ಚ್‌ನಲ್ಲಿ ಚದುರಿಹೋಗಿದ್ದ ಹಳೆಯ ವಿಮಾ ಯೋಜನೆಗಳನ್ನೆಲ್ಲ ಕೂಡಿಸಿ ಸರ್ಕಾರವೇ ನಡೆಸುವ ಒಂದೇ ರಾಷ್ಟ್ರೀಯ ವಿಮೆಯನ್ನು ತಂದಿತು. ನೆದರ್‌ಲ್ಯಾಂಡ್ಸ್ 2006ರಲ್ಲಿ ವಿಮೆಯನ್ನು ಖಾಸಗಿ ಕಂಪನಿಗಳ ಕೈಗೇ ಒಪ್ಪಿಸಿತು, ಆದರೆ ಮೂಲ ಪಾಲಿಸಿ ಎಲ್ಲರಿಗೂ ಕಡ್ಡಾಯ, ಯಾವ ಕಂಪನಿಯೂ ಯಾರನ್ನೂ ನಿರಾಕರಿಸುವಂತಿಲ್ಲ, ಒಂದೇ ಪಾಲಿಸಿಗೆ ಕಾಯಿಲೆಯ ಆಧಾರದ ಮೇಲೆ ಬೇರೆ ಬೆಲೆ ಇಡುವಂತಿಲ್ಲ ಎಂದು ಕಟ್ಟಿಹಾಕಿತು. ಹೆಚ್ಚು ರೋಗಿಗಳಿರುವ ಕಂಪನಿಗೆ ಸಾಮಾನ್ಯ ನಿಧಿಯಿಂದ ಹೆಚ್ಚು ಹಣ ಬರುವಂತೆ ಮಾಡಿತು. ಅಮೆರಿಕದಲ್ಲಿಯೂ 2010ರ ಆರೋಗ್ಯ ಕಾಯ್ದೆಯ ಫಲವಾಗಿ 2014ರಿಂದ ಸಣ್ಣ ಗುಂಪುಗಳ ಪ್ರೀಮಿಯಂ ಅನ್ನು ನೌಕರರ ಕಾಯಿಲೆಯ ಮೇಲೆ ಏರಿಸುವಂತಿಲ್ಲ. ವಯಸ್ಸು, ಪ್ರದೇಶ, ತಂಬಾಕಿನ ಬಳಕೆ, ಕುಟುಂಬದ ಗಾತ್ರ ಇಷ್ಟನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಹಾಗಾಗಿ ಮಾಲೀಕರಾದ ನೀವು ಮೊದಲು ಕೇಳಬೇಕಾದದ್ದು ನಿಧಿ ಯಾರದು ಎಂಬುದನ್ನಲ್ಲ. ನನ್ನ ನೌಕರನ ಕಾಯಿಲೆ ಮುಂದಿನ ವರ್ಷದ ನನ್ನ ಬೆಲೆಯನ್ನು ಹಿಂಬಾಲಿಸಿ ಬರುತ್ತದೆಯೇ ಎಂಬುದನ್ನು. ಬರುತ್ತದೆ ಎಂದಾದರೆ ಅದು ಸಣ್ಣ ಸಂಸ್ಥೆಯ ಮಟ್ಟಿಗೆ ಅರ್ಧ ವಿಮೆ.

ಎರಡನೆಯದಾಗಿ ಕೇಳಬೇಕಾದದ್ದು, ಬೆಲೆ ಯಾವುದರ ಮೇಲೆ ನಿಂತಿದೆ ಎಂಬುದನ್ನು. ಖಾಸಗಿ ಗುಂಪು ಪಾಲಿಸಿಯ ಪ್ರೀಮಿಯಂ ತಲೆಯ ಮೇಲೆ ನಿಂತಿರುತ್ತದೆ. ವ್ಯಾಪಾರ ನೆಲಕಚ್ಚಿದ ವರ್ಷವೂ ತಲೆಗಳು ಅಷ್ಟೇ, ಪ್ರೀಮಿಯಂ ಅಷ್ಟೇ. ಸಾಮಾಜಿಕ ವಿಮೆಯ, ಅಂದರೆ ನೌಕರ ಮಾಲೀಕ ಇಬ್ಬರೂ ಕಡ್ಡಾಯವಾಗಿ ಹಣ ಹಾಕುವ ಸಾರ್ವಜನಿಕ ನಿಧಿಯ, ವಂತಿಗೆ ಸಂಬಳದ ಮೇಲೆ ನಿಂತಿರುತ್ತದೆ. ಈ ಪದ್ಧತಿ 1883ರಷ್ಟು ಹಳೆಯದು: ಜರ್ಮನಿಯಲ್ಲಿ ಅಂದಿನ ಚಾನ್ಸಲರ್ ಬಿಸ್ಮಾರ್ಕ್ ತಂದ ಕಾಯಿಲೆ ವಿಮೆಯ ಕಾಯ್ದೆಯಲ್ಲಿ ಕಾರ್ಮಿಕ ಎರಡು ಪಾಲು, ಮಾಲೀಕ ಒಂದು ಪಾಲು ಕಟ್ಟುತ್ತಿದ್ದರು, ಈಗ ಅಲ್ಲಿ ಸಂಬಳದ ಶೇ. 14.6ರ ಸಾಮಾನ್ಯ ದರವನ್ನು ಇಬ್ಬರೂ ಸರಿಸಮ ಹಂಚಿಕೊಳ್ಳುತ್ತಾರೆ, ಅದರ ಮೇಲೆ ಆಯಾ ನಿಧಿಯ ಹೆಚ್ಚುವರಿ ದರವೂ ಇದೆ. ಸಂಬಳ ಇಳಿದರೆ ವಂತಿಗೆಯೂ ಇಳಿಯುತ್ತದೆ, ಐವತ್ತೈದು ವರ್ಷದವನನ್ನು ಸೇರಿಸಿಕೊಂಡರೂ ಇಪ್ಪತ್ತೈದರವನನ್ನು ಸೇರಿಸಿಕೊಂಡರೂ ದರ ಒಂದೇ. ಆದರೆ ಇದರಲ್ಲಿ ಒಂದು ಮುಳ್ಳಿದೆ, ಸರ್ಕಾರಿ ವಿಮೆಯ ಪರ ಮಾತನಾಡುವವರು ಅದನ್ನು ಹೇಳುವುದಿಲ್ಲ. ಯಂತ್ರಗಳ ಬಲದಿಂದ ನಡೆಯುವ ದೊಡ್ಡ ಕಾರ್ಖಾನೆಗೆ ಹೋಲಿಸಿದರೆ ಜನರ ಕೈಯಿಂದಲೇ ನಡೆಯುವ ಸಣ್ಣ ಸಂಸ್ಥೆಯಲ್ಲಿ ವಹಿವಾಟಿನ ಹೆಚ್ಚು ಭಾಗ ಸಂಬಳಕ್ಕೇ ಹೋಗುತ್ತದೆ, ಆದ್ದರಿಂದ ಸಂಬಳದ ಮೇಲಿನ ವಂತಿಗೆಯ ಭಾರವೂ ಸಣ್ಣವರ ಮೇಲೆಯೇ ಹೆಚ್ಚು. ತೆರಿಗೆಯಿಂದ ನಡೆಯುವ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ, 1948ರ ಜುಲೈನಿಂದಲೂ, ಮಾಲೀಕ ಪಾಲಿಸಿ ಎಂಬುದನ್ನು ಕಣ್ಣಿನಿಂದ ನೋಡಬೇಕಾಗಿಯೇ ಇಲ್ಲ. ಮಾಲೀಕರು ಬಯಸುವ ನೆಮ್ಮದಿ ಬಹುಶಃ ಅದೇ, ಆದರೆ ಅದರ ಖರ್ಚು ತೆರಿಗೆಯ ಸಾಲಿನಲ್ಲಿ ಬಂದೇ ಬರುತ್ತದೆ.

ವ್ಯವಸ್ಥೆಯನ್ನು ಕಟ್ಟಿದವರು ಸಣ್ಣ ಸಂಸ್ಥೆಯನ್ನು ನೆನಪಿಟ್ಟುಕೊಂಡಿದ್ದಾರೆಯೇ ಎಂಬುದು ಸಣ್ಣ ಸಣ್ಣ ನಿಯಮಗಳಲ್ಲಿ ಗೊತ್ತಾಗುತ್ತದೆ. ತೈವಾನಿನಲ್ಲಿ ಖಾಸಗಿ ಸಂಸ್ಥೆಯ ನೌಕರನ ವಂತಿಗೆಯಲ್ಲಿ ನೌಕರ ಶೇ. 30, ಮಾಲೀಕ ಶೇ. 60, ಸರ್ಕಾರ ಶೇ. 10 ಕಟ್ಟುತ್ತಾರೆ, ನೌಕರನ ಅವಲಂಬಿತರಿಗೂ ವಂತಿಗೆ ಉಂಟು. ಆದರೆ ಮಾಲೀಕನ ಪಾಲನ್ನು ಲೆಕ್ಕ ಹಾಕುವಾಗ ಆ ನೌಕರನಿಗೆ ನಿಜವಾಗಿ ಎಷ್ಟು ಮಕ್ಕಳಿದ್ದಾರೆ ಎಂದು ನೋಡುವುದಿಲ್ಲ. ಇಡೀ ದೇಶದ ಸರಾಸರಿ ಅವಲಂಬಿತರ ಸಂಖ್ಯೆಯನ್ನು ಹಿಡಿಯುತ್ತಾರೆ. ಮೂರು ಮಕ್ಕಳ ತಂದೆಯನ್ನು ಬಿಟ್ಟು ಒಂಟಿಗನನ್ನು ಕೆಲಸಕ್ಕೆ ತೆಗೆದುಕೊಂಡರೆ ಮಾಲೀಕನಿಗೆ ಬಿಡಿಗಾಸೂ ಉಳಿಯುವುದಿಲ್ಲ. ಎಷ್ಟು ಚಿಕ್ಕ ನಿಯಮ, ಎಷ್ಟು ದೊಡ್ಡ ಆಮಿಷವನ್ನು ಕಿತ್ತುಹಾಕಿದೆ ನೋಡಿ. ಜರ್ಮನಿಯಲ್ಲಿ ಕಾಯಿಲೆ ಬಿದ್ದ ನೌಕರನಿಗೆ ಮೊದಲ ಆರು ವಾರ ಮಾಲೀಕನೇ ಸಂಬಳ ಕೊಡಬೇಕು, ಅದು ಸಣ್ಣವರಿಗೆ ಹೊರೆಯೇ. ಹಾಗಾಗಿ ಸಾಮಾನ್ಯವಾಗಿ 30 ನೌಕರರವರೆಗಿನ ಸಂಸ್ಥೆಗಳೆಲ್ಲ ಒಂದು ಸಣ್ಣ ವಂತಿಗೆ ಕಟ್ಟುತ್ತವೆ, ಕೊಟ್ಟ ಸಂಬಳದಲ್ಲಿ ಶೇ. 80ರವರೆಗೆ ಆ ನಿಧಿಯಿಂದ ಮರಳಿ ಬರುತ್ತದೆ. ಇದಕ್ಕೆ ಎದುರಾಗಿ, ನೌಕರರ ಸಂಖ್ಯೆಯ ಗಡಿಯನ್ನು ಎಳೆದು ಅಲ್ಲಿಂದಾಚೆಗೆ ಇದ್ದಕ್ಕಿದ್ದಂತೆ ಹೊಣೆ ಹೊರಿಸುವ ಕಾನೂನುಗಳು ಸಣ್ಣವರನ್ನು ಸಣ್ಣವರಾಗಿಯೇ ಉಳಿಯುವಂತೆ ಪುಸಲಾಯಿಸುತ್ತವೆ. ಅಮೆರಿಕದಲ್ಲಿ ಪೂರ್ಣಾವಧಿ ಲೆಕ್ಕದ 50 ನೌಕರರಾದ ಕೂಡಲೇ ವಿಮೆ ಕೊಡಬೇಕು, ಇಲ್ಲವೇ ದಂಡಕ್ಕೆ ಸಿದ್ಧವಾಗಬೇಕು. ಅಲ್ಲಿ ನಲವತ್ತೊಂಬತ್ತಕ್ಕೆ ನಿಲ್ಲಲು ಬಯಸುವ ಮಾಲೀಕನನ್ನು ನಾನು ದೂರಲಾರೆ.

ಇನ್ನು ಸರತಿ ಸಾಲಿನ ಮಾತು. ಅದು ಸುಳ್ಳು ಹೆದರಿಕೆಯಲ್ಲ. ಬೆಲೆಯಿಂದ ಬೇಡಿಕೆಯನ್ನು ತಡೆಯದ ವ್ಯವಸ್ಥೆ ಕಾಲದಿಂದ ತಡೆಯುತ್ತದೆ, ಮತ್ತು ಬಜೆಟ್ ಬಿಗಿಯಾದಾಗ ಆ ಕಾಲ ಉದ್ದವಾಗುತ್ತದೆ. ಹನ್ನೊಂದು ಮಂದಿಯಲ್ಲಿ ಒಬ್ಬ ಕುಶಲ ಕೆಲಸಗಾರ ಮಂಡಿಯ ಶಸ್ತ್ರಚಿಕಿತ್ಸೆಗಾಗಿ ತಿಂಗಳುಗಟ್ಟಲೆ ಕಾದರೆ, ಚಿಕಿತ್ಸೆ ಉಚಿತವಾದರೂ ಅವನಿಲ್ಲದ ತಿಂಗಳುಗಳು ನಿಮಗೆ ಉಚಿತವಲ್ಲ. ಈ ವೆಚ್ಚ ಯಾವ ಪ್ರೀಮಿಯಂ ಹೋಲಿಕೆಯ ಪಟ್ಟಿಯಲ್ಲೂ ಕಾಣುವುದಿಲ್ಲ. ಸರ್ಕಾರಿ ವಿಮೆ ಎಲ್ಲವನ್ನೂ ಹೊದಿಸುತ್ತದೆ ಎಂಬುದೂ ಭ್ರಮೆ. ಕೆನಡಾದಲ್ಲಿ ಆಸ್ಪತ್ರೆ ಮತ್ತು ವೈದ್ಯರ ವೆಚ್ಚವನ್ನು ಸರ್ಕಾರಿ ವಿಮೆ ಭರಿಸುತ್ತದೆ, ಆದರೆ ಆಸ್ಪತ್ರೆಯ ಹೊರಗೆ ಕೊಳ್ಳುವ ಔಷಧಿ ಮತ್ತು ಹಲ್ಲಿನ ಚಿಕಿತ್ಸೆ ಬಹುಮಟ್ಟಿಗೆ ಅದರ ಹೊರಗೇ ಉಳಿದವು, ಅವುಗಳಿಗಾಗಿ ಅಲ್ಲಿನ ಮಾಲೀಕರು ಖಾಸಗಿ ಗುಂಪು ವಿಮೆಯನ್ನೇ ಕೊಳ್ಳುತ್ತ ಬಂದಿದ್ದಾರೆ. ಅಲ್ಲಿಯೂ ನಿಮ್ಮ ಕಥೆಯೇ ಮರುಕಳಿಸಿತು: ಒಬ್ಬ ನೌಕರನಿಗೆ ಒಂದು ದುಬಾರಿ ಔಷಧಿ ಬರೆದುಕೊಟ್ಟರೆ ಇಡೀ ಸಣ್ಣ ಗುಂಪಿನ ಪ್ರೀಮಿಯಂ ಹಾರತೊಡಗಿತು. ಕೊನೆಗೆ 2013ರಿಂದ ಅಲ್ಲಿನ ವಿಮಾ ಕಂಪನಿಗಳೇ ಒಟ್ಟಾಗಿ, ಅತಿ ದೊಡ್ಡ ಔಷಧಿ ಕ್ಲೈಮುಗಳನ್ನು ತಮ್ಮೊಳಗೆ ಹಂಚಿಕೊಳ್ಳುವ ಸಾಮಾನ್ಯ ನಿಧಿಯನ್ನು ನಡೆಸಬೇಕಾಯಿತು. ಖಾಸಗಿಯವರು ತಾವಾಗಿಯೇ ಸಾರ್ವಜನಿಕ ನಿಧಿಯ ತರ್ಕಕ್ಕೆ ಬಂದು ನಿಂತ ಉದಾಹರಣೆ ಇದು.

ಅದರ ತಿರುಗುಮುರುಗು ಉದಾಹರಣೆ ನಿಮ್ಮ ನೌಕರನ ಕಾಯಿಲೆಗೇ ಸಂಬಂಧಿಸಿದ್ದು. ಖಾಸಗಿ ವಿಮೆಯ ತವರು ಎನ್ನಿಸಿಕೊಂಡ ಅಮೆರಿಕದಲ್ಲಿ ಮೂತ್ರಪಿಂಡ ಪೂರ್ತಿ ಸೋತವರ ಡಯಾಲಿಸಿಸ್ ಮತ್ತು ಕಸಿಯ ವೆಚ್ಚವನ್ನು 1972ರ ಕಾನೂನಿನ ಮೂಲಕ, ವಯಸ್ಸು ಎಷ್ಟೇ ಇರಲಿ, ವೃದ್ಧರಿಗೆಂದು ಮಾಡಿದ್ದ ಮೆಡಿಕೇರ್ ಎಂಬ ಸರ್ಕಾರಿ ವಿಮೆಯೊಳಗೆ ತಂದರು. ಜೀವವಿರುವವರೆಗೆ ವಾರಕ್ಕೆ ಮೂರು ಸಲ ಯಂತ್ರದ ಮುಂದೆ ಕೂರಬೇಕಾದ ಚಿಕಿತ್ಸೆಯನ್ನು ಯಾವ ಸಣ್ಣ ಗುಂಪೂ ಹೊರಲಾರದು ಎಂಬುದನ್ನು ಅಲ್ಲಿನ ಶಾಸಕರೂ ಒಪ್ಪಿಕೊಳ್ಳಬೇಕಾಯಿತು.

ಖಾಸಗಿ ವಿಮೆಯ ದೊಡ್ಡ ಗುಣವೆಂದು ಹೇಳುವುದು ಆಯ್ಕೆಯನ್ನು: ಇಷ್ಟವಿಲ್ಲದಿದ್ದರೆ ಕಂಪನಿ ಬದಲಿಸಿ ಎನ್ನುತ್ತಾರೆ. ಆರೋಗ್ಯವಂತ ಗುಂಪಿಗೆ ಇದು ನಿಜ. ನಿಮ್ಮ ಗುಂಪು ಈಗ ಹೊಸ ಕಂಪನಿಯ ಬಾಗಿಲಿಗೆ ಹೋದರೆ ಅಲ್ಲಿ ಮೊದಲು ಕೇಳುವುದು ಕಳೆದ ವರ್ಷಗಳ ಕ್ಲೈಮ್ ವಿವರವನ್ನು. ಕಾನೂನು ತಡೆಯದಿದ್ದ ಕಡೆ ಮೊದಲಿನಿಂದಿರುವ ಕಾಯಿಲೆಗೆ ಕಾಯುವ ಅವಧಿಯನ್ನೋ (ಅಷ್ಟು ಕಾಲ ಆ ಕಾಯಿಲೆಯ ಕ್ಲೈಮ್ ಸಿಗುವುದಿಲ್ಲ) ಪೂರ್ತಿ ಹೊರಗಿಡುವ ಷರತ್ತನ್ನೋ ಹಾಕುತ್ತಾರೆ. ಬದಲಿಸುವ ಅಗತ್ಯ ಹೆಚ್ಚಿದಾಗಲೇ ಬದಲಿಸುವ ಶಕ್ತಿ ಕುಗ್ಗಿರುತ್ತದೆ. ಹಾಗೆಂದು ಖಾಸಗಿ ವಿಮೆ ನಿರುಪಯುಕ್ತವಲ್ಲ. ಬೇಗ ಸಿಗುವ ತಪಾಸಣೆ, ಪ್ರತ್ಯೇಕ ಕೋಣೆ, ಹಲ್ಲು ಮತ್ತು ಕಣ್ಣಿನ ಆರೈಕೆಯಂಥ ಮಿತಿಯುಳ್ಳ, ಊಹಿಸಬಹುದಾದ ವೆಚ್ಚಗಳಿಗೆ ಅದು ಒಪ್ಪುತ್ತದೆ, ಏಕೆಂದರೆ ಅಲ್ಲಿ ಹನ್ನೊಂದು ಮಂದಿಯ ಗುಂಪೂ ಅಂಥ ಆಘಾತಕ್ಕೆ ಸಿಲುಕುವುದಿಲ್ಲ. ನನ್ನ ನಿಲುವು ಇಷ್ಟು: ಆಸ್ಪತ್ರೆ, ದೊಡ್ಡ ಶಸ್ತ್ರಚಿಕಿತ್ಸೆ, ದೀರ್ಘಕಾಲದ ಕಾಯಿಲೆ ಇವು ಎಲ್ಲರನ್ನೂ ಒಳಗೊಂಡ ಕಡ್ಡಾಯ ನಿಧಿಯಲ್ಲಿರಬೇಕು, ಅದು ಸಾಮಾನ್ಯವಾಗಿ ಸರ್ಕಾರದ್ದೇ ಆಗಿರುತ್ತದೆ, ಅದರ ಮೇಲಿನ ಸೌಕರ್ಯಗಳನ್ನು ಬೇಕಾದವರು ಖಾಸಗಿಯಿಂದ ಕೊಳ್ಳಲಿ. ನಿಮಗೆ ಸೇರಿಕೊಳ್ಳಲು ಅರ್ಹತೆಯಿರುವ ಸಾರ್ವಜನಿಕ ಯೋಜನೆ ಯಾವುದಾದರೂ ಇದ್ದರೆ, ಅದರ ಆಸ್ಪತ್ರೆಗಳ ಪಟ್ಟಿ ಸಾಧಾರಣವಾಗಿದ್ದರೂ, ಬುನಾದಿಯನ್ನು ಅದರಲ್ಲಿ ಹಾಕಿ.

ಮಾಲೀಕರು ಎಲ್ಲರ ಲೆಕ್ಕ ಹಾಕಿ ತಮ್ಮನ್ನೇ ಮರೆಯುತ್ತಾರೆ. ನೌಕರರಿಗೆಂದು ಮಾಡಿದ ಯೋಜನೆಯಲ್ಲಿ ಮಾಲೀಕ ನೌಕರನಲ್ಲ. ತೈವಾನಿನಲ್ಲಿ ಮಾಲೀಕ ತನ್ನ ವಂತಿಗೆಯ ಪೂರ್ತಿ ನೂರು ಪಾಲನ್ನೂ ತಾನೇ ಕಟ್ಟಬೇಕು. ಜರ್ಮನಿಯಲ್ಲಿ ಸ್ವಂತ ಉದ್ಯೋಗಸ್ಥರು ಸಾರ್ವಜನಿಕ ನಿಧಿಯನ್ನು ಬಿಟ್ಟು ಖಾಸಗಿ ವಿಮೆಗೆ ಹೋಗಬಹುದು; ಯೌವನದಲ್ಲಿ ಅದರ ದರ ಆಕರ್ಷಕವಾಗಿಯೂ ಕಾಣುತ್ತದೆ, ಆದರೆ 55 ದಾಟಿದ ಮೇಲೆ ಹಿಂದಿರುಗುವ ಬಾಗಿಲು ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ, ಖಾಸಗಿ ಪ್ರೀಮಿಯಂ ಏರುತ್ತಲೇ ಇರುತ್ತದೆ. ಮೂವತ್ತರ ವಯಸ್ಸಿನಲ್ಲಿ ಉಳಿಸಿದ್ದನ್ನು ಅರವತ್ತರಲ್ಲಿ ಬಡ್ಡಿಸಹಿತ ಕಟ್ಟುವ ಒಪ್ಪಂದ ಅದು. ನಿಮ್ಮ ವಯಸ್ಸನ್ನು ನೀವು ತಿಳಿಸಿಲ್ಲ, ಆದರೆ ಎಲ್ಲಿಯೇ ಆಗಲಿ ಖಾಸಗಿಯನ್ನು ಆರಿಸುವ ಮುನ್ನ ವಾಪಸು ಬರುವ ದಾರಿ ಯಾವ ವಯಸ್ಸಿನವರೆಗೆ ತೆರೆದಿರುತ್ತದೆ ಎಂದು ವಿಚಾರಿಸಿ.

ಈಗ ನಿಮ್ಮ ಮೇಜಿನ ಮೇಲಿರುವ ಪತ್ರದ ವಿಷಯಕ್ಕೆ ಬರೋಣ. ಎರಡೂವರೆ ಪಟ್ಟು ಎಂಬುದನ್ನು ಅಂತಿಮ ಬೆಲೆ ಎಂದು ತಿಳಿಯಬೇಡಿ. ಆ ಕ್ಲೈಮ್ ಒಮ್ಮೆ ಬಂದು ಮುಗಿದದ್ದೋ ಪ್ರತಿವರ್ಷ ಬರುವಂಥದ್ದೋ ಎಂಬುದೇ ಕಂಪನಿಯ ಲೆಕ್ಕದ ತಿರುಳು. ತೀವ್ರ ಸೋಂಕಿನಿಂದ ತಾತ್ಕಾಲಿಕವಾಗಿ ಕೆಲಸ ನಿಲ್ಲಿಸಿ ಮತ್ತೆ ಚೇತರಿಸಿಕೊಂಡ ಮೂತ್ರಪಿಂಡ ಬೇರೆ, ಕಾಯಂ ಡಯಾಲಿಸಿಸ್ ಬೇರೆ. ಮೊದಲನೆಯದಾದರೆ, ನೌಕರನ ಲಿಖಿತ ಒಪ್ಪಿಗೆ ಪಡೆದು, ಚೇತರಿಕೆಯ ಬಗ್ಗೆ ವೈದ್ಯರ ಪತ್ರವನ್ನು ಅವನಿಂದಲೇ ಕಂಪನಿಗೆ ಕಳುಹಿಸಲು ಹೇಳಿ. ಆ ಪತ್ರ ನಿಮ್ಮ ಕೈಗೆ ಬಾರದೆ ನೇರವಾಗಿ ಹೋಗುವುದೇ ಒಳ್ಳೆಯದು. ಒಂದು ಮಿತಿಗಿಂತ ಮೇಲಿನ ದೊಡ್ಡ ಕ್ಲೈಮುಗಳನ್ನು ನಿಮ್ಮ ಗುಂಪಿನ ಕ್ಲೈಮ್ ಲೆಕ್ಕಕ್ಕೆ ಸೇರಿಸದೆ ಕಂಪನಿಯ ಸಾಮಾನ್ಯ ನಿಧಿಗೆ ಹಾಕುವ ಕ್ರಮ ಅವರಲ್ಲಿದೆಯೇ, ಇದ್ದರೆ ಮಿತಿ ಎಷ್ಟು ಎಂದು ಬರವಣಿಗೆಯಲ್ಲಿ ಕೇಳಿ. ಈ ಪ್ರಶ್ನೆ ಕೇಳುವ ಸಣ್ಣ ಮಾಲೀಕರನ್ನು ನನ್ನ ವೃತ್ತಿಜೀವನದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಕಂಡಿದ್ದೇನೆ, ಮತ್ತು ಕೇಳಿದವರಲ್ಲಿ ಹೆಚ್ಚಿನವರಿಗೆ ಬೆಲೆ ಇಳಿದದ್ದೂ ಉಂಟು.

ಏಜೆಂಟರು ಇಂಥ ಹೊತ್ತಿನಲ್ಲಿ ಒಂದು ಸುಲಭ ದಾರಿ ತೋರಿಸುತ್ತಾರೆ: ಪ್ರತಿ ಬಿಲ್ಲಿನಲ್ಲಿ ನೌಕರ ತನ್ನ ಜೇಬಿನಿಂದ ಕೊಡುವ ಭಾಗವನ್ನು ಹೆಚ್ಚಿಸಿ, ಪ್ರೀಮಿಯಂ ಇಳಿಯುತ್ತದೆ. ಇಳಿಯುವುದು ನಿಜ. ಆದರೆ ಅಮೆರಿಕದಲ್ಲಿ 1970ರ ದಶಕದಲ್ಲಿ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಸಾವಿರಾರು ಜನರ ಮೇಲೆ ನಡೆಸಿದ ದೊಡ್ಡ ಪ್ರಯೋಗದಲ್ಲಿ ಕಂಡದ್ದೇನೆಂದರೆ, ಜೇಬಿನಿಂದ ಕೊಡಬೇಕಾದಾಗ ಜನರು ಅನಗತ್ಯ ಚಿಕಿತ್ಸೆಯ ಜೊತೆಗೆ ಅಗತ್ಯ ಚಿಕಿತ್ಸೆಯನ್ನೂ ಅದೇ ಪ್ರಮಾಣದಲ್ಲಿ ಬಿಡುತ್ತಾರೆ. ರಕ್ತದೊತ್ತಡದ ಮಾತ್ರೆಯನ್ನು ದುಡ್ಡಿನ ಲೆಕ್ಕಕ್ಕೆ ನಿಲ್ಲಿಸಿದವನು ಕೆಲವು ವರ್ಷಗಳ ಬಳಿಕ ಮೂತ್ರಪಿಂಡದ ಕ್ಲೈಮ್ ಆಗಿ ನಿಮ್ಮ ಬಳಿಗೇ ಮರಳಬಹುದು. ಸಣ್ಣ ಮೊತ್ತದ ಪಾಲನ್ನು ಇಡಿ, ಆದರೆ ನಿತ್ಯದ ಔಷಧಿಗೆ ಅದನ್ನೂ ಇಡಬೇಡಿ.

ವೃತ್ತಿ ಸಂಘದ ಮೂಲಕ ನೂರಾರು ಸಣ್ಣ ಸಂಸ್ಥೆಗಳೊಂದಿಗೆ ಸೇರಿ ಪಾಲಿಸಿ ಕೊಳ್ಳುವ ಸಲಹೆಯೂ ಬರುತ್ತದೆ. ಅದು ಒಳ್ಳೆಯದೇ, ಆದರೆ ಸದಸ್ಯ ಸಂಸ್ಥೆಗಳು ಮನಸ್ಸು ಬಂದಾಗ ಹೊರಹೋಗಬಹುದೇ ಎಂದು ಮೊದಲು ನೋಡಿ. ಹೋಗಬಹುದಾದರೆ, ಮೇಲೆ ಹೇಳಿದ ಸುಳಿ ಅಲ್ಲಿಯೂ ತಿರುಗುತ್ತದೆ: ಒಳ್ಳೆಯ ವರ್ಷಗಳಲ್ಲಿ ಒಟ್ಟಿಗಿದ್ದವರು ಮೊದಲ ಕೆಟ್ಟ ವರ್ಷಕ್ಕೆ ಚದುರುತ್ತಾರೆ. ಹೊರಹೋಗುವವರಿಗೆ ಕನಿಷ್ಠ ಮೂರು ವರ್ಷದ ತಡೆ ಇರುವ ಗುಂಪಾದರೆ ಮಾತ್ರ ಸೇರಿ.

ಕಾಯಿಲೆ ಬಿದ್ದ ನೌಕರನೊಬ್ಬನನ್ನು ಮಾತ್ರ ಪಾಲಿಸಿಯಿಂದ ಕೈಬಿಟ್ಟರೆ ಹಳೆಯ ದರಕ್ಕೇ ಕೊಡುತ್ತೇವೆ ಎಂಬ ಮಾತು ಫೋನಿನಲ್ಲಿ ಬರಬಹುದು, ಕಾಗದದಲ್ಲಿ ಬರುವುದಿಲ್ಲ. ಅನೇಕ ಕಡೆ ಅದು ಕಾನೂನುಬಾಹಿರ, ಮತ್ತು ಉಳಿದ ಹತ್ತು ಮಂದಿ ಅದನ್ನು ಮರೆಯುವುದಿಲ್ಲ. ತಮ್ಮ ಸರದಿ ಬಂದಾಗ ಏನಾಗುತ್ತದೆ ಎಂಬುದು ಅವರಿಗೆ ಅಂದೇ ತಿಳಿದುಹೋಗಿರುತ್ತದೆ. ಮಾತುಕತೆ ಎಷ್ಟೇ ಎಳೆಯಲಿ, ಹಳೆಯ ಪಾಲಿಸಿಯ ಅವಧಿ ಮುಗಿಯುವ ದಿನವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ನವೀಕರಣ ತಪ್ಪಿ ನಡುವೆ ಖಾಲಿ ಬಿದ್ದರೆ ಬಹಳಷ್ಟು ಪಾಲಿಸಿಗಳಲ್ಲಿ ಕಾಯುವ ಅವಧಿ ಮೊದಲಿನಿಂದ ಎಣಿಕೆಯಾಗುತ್ತದೆ, ಮತ್ತು ಆ ಹನ್ನೊಂದು ಮಂದಿಯಲ್ಲಿ ಕಾಯಲು ಸಮಯವಿಲ್ಲದವನು ಒಬ್ಬನಿದ್ದಾನೆ.